ಅಬ್ಲೇಷನ್ ನಂತರ ಮೈಸೂರಿನಿಂದ ಶ್ರವಣಬೆಳಗೊಳಕ್ಕೆ ಸೈಕಲ್ ಪಯಣ

ಗುರುವಾರ: ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ

ಕಳೆದ ಆಗಸ್ಟ್‌ನಲ್ಲಿ ನನ್ನ ಹೃದಯದ ಲಯದೋಷಕ್ಕೆ, ಒಳಗಿನಿಂದ ಸುಟ್ಟು ಸರಿಪಡಿಸುವ ಅಬ್ಲೇಷನ್ ಚಿಕಿತ್ಸೆ ಆಯಿತು. ಆಮೇಲೆ ಮನೆಯ ಸುತ್ತಮುತ್ತಲಿನ ಬೀದಿಗಳನ್ನು ಬಿಟ್ಟು ಹೆದ್ದಾರಿಯಾಚೆ ಸೈಕಲ್ ತುಳಿಯಲು ವೈದ್ಯರ ಒಪ್ಪಿಗೆ ಸಿಕ್ಕಿದ್ದು ಡಿಸೆಂಬರ್ ಕೊನೆಯಲ್ಲಿ. ಜನವರಿಯ ಚಳಿ ಇರುವಾಗಲೇ ಹೊರಡಬೇಕೆಂದು ತಮ್ಮನೂ ನಾನೂ ನಿಶ್ಚಯಿಸಿದೆವು. ದಿನಕ್ಕೆ 25ರಿಂದ 30 ಕಿಲೋಮೀಟರ್‌ಗಿಂತ ಹೆಚ್ಚು ತುಳಿಯಬಾರದು, ಬಿಸಿಲೇರುವ ಮೊದಲು ತಂಗುವ ಊರು ಸೇರಬೇಕು, ಯಾವ ಊರಿನಲ್ಲಾದರೂ ನಿಲ್ಲಿಸಿ ಬಸ್ಸು ಹಿಡಿದು ಹಿಂತಿರುಗುವಂತಿರಬೇಕು ಎಂಬ ಲೆಕ್ಕದಲ್ಲಿ ಪಾಂಡವಪುರ, ಮೇಲುಕೋಟೆ, ಕೆ.ಆರ್. ಪೇಟೆ, ಕಿಕ್ಕೇರಿ ಹಾದು ಶ್ರವಣಬೆಳಗೊಳ ಮುಟ್ಟುವ ದಾರಿಯನ್ನು ಆರಿಸಿಕೊಂಡೆವು. ಒಂದು ಕಾಲದಲ್ಲಿ ಹದಿಮೂರೂವರೆ ಗಂಟೆಯ ಗಡುವಿನೊಳಗೆ 200 ಕಿಲೋಮೀಟರ್ ಮುಗಿಸಬೇಕಾದ ಬ್ರೆವೇ ಸವಾರಿಗಳಲ್ಲಿ ಪಾಲ್ಗೊಳ್ಳುತ್ತಿದ್ದ ನಮಗೆ ಇದು ಒಂದೇ ಹಗಲಿನ ದಾರಿ. ಅದನ್ನು ಹಲವು ದಿನಗಳಿಗೆ ಹಂಚಿಕೊಂಡಾಗ ದಾರಿಯೇ ಬೇರೆಯಾಗಿ ಕಾಣುತ್ತದೆ ಎಂಬುದು ಹೊರಟ ಮೇಲೆ ತಿಳಿಯಿತು.

2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ ಸರ್ವಿಸ್ ರಸ್ತೆ ಹಿಡಿದೇ ಸಾಗಬೇಕು. ನನಗೆ ಅದರಿಂದ ಅನುಕೂಲವೇ ಆಯಿತು. ಪಕ್ಕಪಕ್ಕದಲ್ಲಿ ತುಳಿಯುತ್ತ ಮಾತನಾಡಲು ಅಲ್ಲಿ ಎಡೆ ಸಿಗುತ್ತದೆ. ನಮ್ಮ ಡಾಕ್ಟರಮ್ಮ ಹೊರಡುವ ಮುನ್ನ ಕೊಟ್ಟಿದ್ದ ಸೂಚನೆಯೂ ಅದೇ ಆಗಿತ್ತು: "ವಾಚಿನಲ್ಲಿ ಹಾರ್ಟ್ ರೇಟ್ ನೋಡ್ಕೊಂಡು ತುಳೀಬೇಡಿ. ತಮ್ಮನ ಜೊತೆ ಮಾತಾಡ್ಕೊಂಡು ತುಳೀರಿ. ಹೇಳ್ತಿರೋ ಮಾತು ಉಸಿರಿಗೋಸ್ಕರ ಅರ್ಧಕ್ಕೆ ನಿಂತ್ರೆ ಗೇರ್ ಇಳಿಸಿ."

ಇದಕ್ಕೆ ಕಾರಣವಿದೆ. ನಾನು ಇನ್ನೂ ಸಣ್ಣ ಪ್ರಮಾಣದಲ್ಲಿ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಆ ಮಾತ್ರೆ ನುಂಗುವವರ ಹೃದಯಬಡಿತ ಶ್ರಮಕ್ಕೆ ತಕ್ಕಷ್ಟು ಏರುವುದಿಲ್ಲ. ಮೈ ಸೋತು ಏದುಸಿರು ಬಿಡುತ್ತಿದ್ದರೂ ವಾಚು ಸಮಾಧಾನದ ಅಂಕಿಯನ್ನೇ ತೋರಿಸಬಹುದು. ವಯಸ್ಸನ್ನು 220ರಿಂದ ಕಳೆದು ಗರಿಷ್ಠ ಬಡಿತವನ್ನು ಲೆಕ್ಕ ಹಾಕುವ ಪದ್ಧತಿಯೂ ಆಗ ಪ್ರಯೋಜನಕ್ಕೆ ಬಾರದು. ಉಸಿರು ಮಾತ್ರ ನಿಜ ಹೇಳುತ್ತದೆ.

ಶ್ರೀರಂಗಪಟ್ಟಣಕ್ಕೆ ಮೊದಲು ರಂಗನತಿಟ್ಟಿನ ಕಡೆ ತಿರುಗಿ, ನದಿಯ ದಡದಲ್ಲಿ ಕೊಂಚ ಹೊತ್ತು ಕುಳಿತೆವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗ ಇದು. ಅಲ್ಲಿಂದ ಪಟ್ಟಣದೊಳಗೆ ಬಂದು, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಕಟ್ಟಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯನ್ನು ನೋಡಿ, ಹೋಟೆಲೊಂದರಲ್ಲಿ ಇಡ್ಲಿ ತಿಂದು, ಅಪಿಕ್ಸಬಾನ್ ಮಾತ್ರೆ ನುಂಗಿದೆ. ಈ ರಕ್ತ ತೆಳುವಾಗಿಸುವ ಮಾತ್ರೆಯನ್ನು ಹನ್ನೆರಡು ಗಂಟೆಗೊಮ್ಮೆ ತಪ್ಪದೆ ತೆಗೆದುಕೊಳ್ಳಬೇಕು. ಚಿಕಿತ್ಸೆ ಆದ ಮೇಲೆ ಎದೆಯಲ್ಲಿ ಏನೂ ಅನಿಸುತ್ತಿಲ್ಲವೆಂದು ಅದನ್ನು ತಾವಾಗಿಯೇ ನಿಲ್ಲಿಸುವವರು ಇದ್ದಾರೆ. ಆ ಮಾತ್ರೆ ತಡೆಯಬೇಕಾದ ಪಾರ್ಶ್ವವಾಯುವಿನ ಅಪಾಯ ಎಷ್ಟಿದೆ ಎಂಬುದು ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥ ಸಂಗತಿಗಳ ಮೇಲೆ ನಿಂತಿರುತ್ತದೆಯೇ ಹೊರತು ಎದೆ ಡವಗುಟ್ಟುತ್ತಿದೆಯೋ ಇಲ್ಲವೋ ಎಂಬುದರ ಮೇಲಲ್ಲ. ನನಗೆ ರಕ್ತದೊತ್ತಡ ಇದೆ. ಆದ್ದರಿಂದ ಮಾತ್ರೆ ಮುಂದುವರಿದಿದೆ.

ಪಾಂಡವಪುರದ ದಾರಿಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ನಿಧಾನವಾಗಿ ಸಾಗಿದೆವು. ಊರು ಮುಟ್ಟಿದಾಗ ಇನ್ನೂ ಹನ್ನೊಂದಾಗಿರಲಿಲ್ಲ. ಟಿಪ್ಪುವಿನ ಕಾಲದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಈ ಊರನ್ನು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಕುಂತಿಬೆಟ್ಟವನ್ನು ದೂರದಿಂದಲೇ ನೋಡಿ, ಮಧ್ಯಾಹ್ನ ಪೂರ್ತಿ ಮಲಗಿದೆ.

ಶುಕ್ರವಾರ: ತೊಣ್ಣೂರು, ಜಕ್ಕನಹಳ್ಳಿ, ಮೇಲುಕೋಟೆ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಸೀಮೆಯಲ್ಲಿ ಬೆಳಗಿನ ಸವಾರಿ ಮಾಡುವಾಗ ಆಲೆಮನೆಯ ಹೊಗೆಯ ವಾಸನೆ ದಾರಿಯುದ್ದಕ್ಕೂ ಜೊತೆ ಬರುತ್ತದೆ. ಒಂದು ಕಡೆ ನಿಂತು ನೋಡಿದೆವು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಕಟ್ಟಿದ ಕೊಳೆಯನ್ನು ಒಬ್ಬರು ಜಾಲರಿಯಿಂದ ತೆಗೆದು ಹಾಕುತ್ತಿದ್ದರೆ, ಇನ್ನೊಬ್ಬರು ಹಿಂಡಿದ ಕಬ್ಬಿನ ರಚ್ಚನ್ನು ಒಲೆಗೆ ತಳ್ಳುತ್ತಿದ್ದರು. ಬಿಸಿ ಬೆಲ್ಲದ ಚೂರನ್ನು ಎಲೆಯ ಮೇಲಿಟ್ಟು ಕೊಟ್ಟ ಯಜಮಾನರು ಹಣ ಮುಟ್ಟಲಿಲ್ಲ.

ತೊಣ್ಣೂರು ಕೆರೆಯ ಏರಿಯ ಮೇಲೆ ಕುಳಿತಾಗ ತಮ್ಮ ಕೇಳಿದ: "ಅಣ್ಣ, ಒಳಗೆ ಅವರು ಮಾಡಿದ್ದಾದ್ರೂ ಏನು? ಆವತ್ತು ಡಾಕ್ಟರು ಹೇಳಿದ್ದು ನನ್ನ ತಲೆಗೆ ಹೋಗ್ಲೇ ಇಲ್ಲ."

ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಒಂದೇ ತಾಳಕ್ಕೆ ಕುಗ್ಗುವ ಬದಲು ಅಡ್ಡಾದಿಡ್ಡಿಯಾಗಿ ನಡುಗತೊಡಗುವುದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಇದನ್ನು ಹೊತ್ತಿಸುವ ಕಿಡಿ ಬಹಳ ಮಟ್ಟಿಗೆ ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಬಾಯಿಯಲ್ಲಿ ಹುಟ್ಟುತ್ತದೆಂದು ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೆರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟರು. ಸಾಮಾನ್ಯವಾಗಿ ಇಂಥ ಅಭಿಧಮನಿಗಳು ನಾಲ್ಕಿರುತ್ತವೆ. ತೊಡೆಸಂದಿನ ಅಭಿಧಮನಿಯ ಮೂಲಕ ಕ್ಯಾಥೆಟರ್ ಎಂಬ ತೆಳು ನಳಿಗೆಯನ್ನು ಬಲ ಹೃತ್ಕರ್ಣಕ್ಕೆ ತಂದು, ನಡುಗೋಡೆಯಲ್ಲಿ ಸೂಜಿರಂಧ್ರ ಮಾಡಿ ಎಡಕ್ಕೆ ದಾಟಿಸಿ, ಆ ಅಭಿಧಮನಿಗಳ ಬಾಯಿಯ ಸುತ್ತ ಚುಕ್ಕಿಚುಕ್ಕಿಯಾಗಿ ಸುಡುತ್ತಾರೆ. ಸುಟ್ಟ ಜಾಗ ಗಾಯ ಮಾಗಿ ಕಲೆಯಾದ ಮೇಲೆ ವಿದ್ಯುತ್ತು ಅದನ್ನು ದಾಟಲಾರದು; ಗದ್ದೆಗೆ ಬದು ಹಾಕಿ ನೀರು ತಡೆದಂತೆ. ಸುಡುವ ಬದಲು ಹೆಪ್ಪುಗಟ್ಟಿಸುವ ವಿಧಾನ ಹಲವು ವರ್ಷಗಳಿಂದ ಇದೆ. ವಿದ್ಯುತ್ ಸ್ಪಂದನಗಳಿಂದ ಜೀವಕೋಶಗಳನ್ನು ಕೊಲ್ಲುವ ಹೊಸ ವಿಧಾನವೂ ಈಚೆಗೆ ಬಂದಿದೆ.

ತೊಡೆಸಂದಿನ ಗಾಯ ಮಾಗಲು ವಾರದ ಮೇಲೆ ಬೇಕು. ಅಷ್ಟು ದಿನ ಭಾರ ಎತ್ತುವಂತಿಲ್ಲ, ಸೈಕಲ್ ಹತ್ತುವಂತಿಲ್ಲ. ಒಳಗಿನ ಗಾಯದ ಕಥೆ ಇನ್ನೂ ದೀರ್ಘ. ಮೊದಲ ಎರಡು ಮೂರು ತಿಂಗಳಲ್ಲಿ ಲಯ ತಪ್ಪಿದರೂ ಅದನ್ನು ಚಿಕಿತ್ಸೆಯ ಸೋಲೆಂದು ಎಣಿಸುವುದಿಲ್ಲ. ಊದಿಕೊಂಡ ಅಂಗಾಂಶ ಶಮನವಾಗುವಾಗ ಹಾಗಾಗುವುದುಂಟು. ಆ ತಿಂಗಳುಗಳಲ್ಲಿ ನನಗೂ ಹಾಗಾಗಿತ್ತು. ಯಾರೂ ಮೊದಲೇ ಹೇಳದಿದ್ದರೆ ಮನುಷ್ಯ ಎದೆಗುಂದುವುದು ಅಂಥ ಹೊತ್ತಿನಲ್ಲೇ.

ತಮ್ಮ ಸುಮ್ಮನೆ ಕೇಳಿಸಿಕೊಂಡು, ನೀರಿನ ಕಡೆ ನೋಡುತ್ತ ಹೇಳಿದ: "ನಾಲ್ಕು ಗಂಟೆ ಹೊತ್ತು ಆ ಬಾಗಿಲು ತೆರೀಲಿಲ್ಲ ಅಣ್ಣ. ಅತ್ತಿಗೆ ನನ್ನ ಮುಖ ನೋಡೋರು, ನಾನು ಗಡಿಯಾರ ನೋಡೋನು." ಈ ಮಾತನ್ನು ಅವನು ಐದು ತಿಂಗಳು ಒಳಗೇ ಇಟ್ಟುಕೊಂಡಿದ್ದ. ಜೊತೆಯಾಗಿ ಎಷ್ಟೋ ವರ್ಷ ಸೈಕಲ್ ತುಳಿದಿದ್ದೇವೆ. ಒಬ್ಬರ ಚಕ್ರಕ್ಕೆ ಒಬ್ಬರು ಅಂಟಿಕೊಂಡು, ಗಾಳಿಗೆ ಮರೆಯಾಗುತ್ತ, ವೇಗ ಕಾಯುತ್ತ ತುಳಿಯುವಾಗ ಮಾತಿಗೆ ಅವಕಾಶವೇ ಇರಲಿಲ್ಲ.

ಜಕ್ಕನಹಳ್ಳಿಯಲ್ಲಿ ಎಳನೀರು ಕುಡಿದೆವು. ಬೆವರಿನಲ್ಲಿ ಉಪ್ಪು ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಪೊಟ್ಯಾಶಿಯಂ, ಮೆಗ್ನೀಶಿಯಂ ಕಡಿಮೆಯಾದರೆ ಲಯ ತಪ್ಪುವ ಸಂಭವ ಹೆಚ್ಚು ಎಂಬುದನ್ನು ನನ್ನಂಥವರು ನೆನಪಿಡಬೇಕು. ಎಳನೀರು ಪೊಟ್ಯಾಶಿಯಂ ತುಂಬಿದ ಪಾನೀಯ. ಅಂಗಡಿಯಾಕೆ ಸೈಕಲ್ಲನ್ನೂ ನನ್ನ ನರೆತ ಗಡ್ಡವನ್ನೂ ನೋಡಿ, "ಬೆಟ್ಟಕ್ಕೆ ಬಸ್ಸದೆ ಕಣಪ್ಪ, ಇದ್ಯಾಕೆ ಈ ಪಾಟಿ ಕಷ್ಟ?" ಎಂದರು. "ಕಷ್ಟ ಇಲ್ಲ ಕಣಮ್ಮ, ಇದೇ ಇಷ್ಟ" ಎಂದು ತಮ್ಮ ನನ್ನ ಪರವಾಗಿ ಉತ್ತರ ಕೊಟ್ಟ.

ಮೇಲುಕೋಟೆಯ ಏರಿನಲ್ಲಿ ಅತಿ ಸಣ್ಣ ಗೇರಿಗೆ ಇಳಿಸಿ ತುಳಿಯುತ್ತಿದ್ದಾಗ ಎದೆಯಲ್ಲಿ ಏನೋ ಮಗುಚಿದಂತಾಯಿತು. ಒಂದು ಬಡಿತ ತಪ್ಪಿ, ಮುಂದಿನದು ಗಂಟಲಿಗೇ ಗುದ್ದಿತು. ಮತ್ತೆ ಒಮ್ಮೆ. ನಾನು ಏನೂ ಹೇಳದೆ ಇಳಿದೆ; ತಮ್ಮನೂ ಇಳಿದ. ರಸ್ತೆಬದಿಯ ಬಂಡೆಯ ಮೇಲೆ ಕುಳಿತು ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟೆ. ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ, ಎಲುಬಿನ ಒಳಬದಿಗೆ, ಹಗುರವಾಗಿ ಒತ್ತಿ ಹಿಡಿದರೆ ನಾಡಿ ಸಿಗುತ್ತದೆ. ಜೋರಾಗಿ ಒತ್ತಿದರೆ ಕಳೆದುಹೋಗುತ್ತದೆ. ಸಮನಾದ ಬಡಿತಗಳು ಸಾಲಾಗಿ ಬಂದವು, ನಡುವೆ ಒಂದು ಅವಸರದ ಬಡಿತ, ಆಮೇಲೆ ಒಂದು ಖಾಲಿ ಜಾಗ, ಮತ್ತೆ ಸಮನಾದ ಸಾಲು. ಫಿಬ್ರಿಲೇಷನ್ ಹೀಗಿರುವುದಿಲ್ಲ. ಅದರಲ್ಲಿ ಯಾವ ಎರಡು ಬಡಿತಗಳ ನಡುವಿನ ಅಂತರವೂ ಇನ್ನೊಂದಕ್ಕೆ ಹೊಂದುವುದಿಲ್ಲ. ಬೆರಳಿನ ಕೆಳಗೆ ತಾಳವೇ ಇರುವುದಿಲ್ಲ. ಜೇಬಿನಲ್ಲಿದ್ದ ಪುಟ್ಟ ಇಸಿಜಿ ಪಟ್ಟಿಯ ಮೇಲೆ ಎರಡೂ ಕೈಗಳ ಬೆರಳಿಟ್ಟು ಅರ್ಧ ನಿಮಿಷದ ದಾಖಲೆ ತೆಗೆದೆ. ಫೋನಿನ ಪರದೆಯಲ್ಲಿ ಪ್ರತಿ ಚೂಪು ಗೆರೆಗೂ ಮುಂಚೆ, ಹೃತ್ಕರ್ಣ ಸರಿಯಾಗಿ ಕುಗ್ಗಿದೆ ಎಂಬುದನ್ನು ಸೂಚಿಸುವ ಸಣ್ಣ ಉಬ್ಬಿನಂಥ ಪಿ ಅಲೆ ಕಾಣಿಸಿತು. ಒಂದೆರಡು ಕಡೆ ಮಾತ್ರ ಬಡಿತ ಅವಧಿಗೆ ಮುಂಚೆ ಬಂದಿತ್ತು. ಇಂಥ ಬಿಡಿ ಬಡಿತಗಳು ಆರೋಗ್ಯವಂತರಲ್ಲೂ ಬರುತ್ತವೆ. ತಲೆಸುತ್ತು, ಎದೆನೋವು, ಕಣ್ಣು ಕತ್ತಲೆ ಇದ್ದಿದ್ದರೆ ಅಲ್ಲಿಗೇ ಸವಾರಿ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕೆಂದು ನಮ್ಮಲ್ಲಿ ಮೊದಲೇ ಮಾತಾಗಿತ್ತು. ಅವು ಯಾವುವೂ ಇರಲಿಲ್ಲ. ಹತ್ತು ನಿಮಿಷ ಕುಳಿತು, ಉಳಿದ ಏರನ್ನು ಸೈಕಲ್ ತಳ್ಳಿಕೊಂಡು ನಡೆದೇ ಹತ್ತಿದೆವು.

ನಡೆಯುವಾಗ ಭಯ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಭಯಕ್ಕೂ ತಿಳಿವಳಿಕೆಗೂ ನಡುವೆ ಬೆರಳ ತುದಿಯಷ್ಟು ಜಾಗ ಸಿಕ್ಕಿತ್ತು. ಚಿಕಿತ್ಸೆಯ ನಂತರ ಸೈಕಲ್ಲಿಗೆ ಮರಳುವ ಪ್ರತಿಯೊಬ್ಬರೂ ಕಾಲಿನ ಬಲಕ್ಕಿಂತ ಮೊದಲು ತಮ್ಮ ನಾಡಿಯನ್ನು ತಾವೇ ಹಿಡಿಯಲು ಕಲಿಯಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಮೇಲುಕೋಟೆಯಲ್ಲಿ ಪುಳಿಯೋಗರೆಯನ್ನು ಸಂಜೆ ಆರೂವರೆಗೇ ತಿಂದು ಮುಗಿಸಿದೆ. ದೀರ್ಘಕಾಲ ವ್ಯಾಯಾಮ ಮಾಡಿದವರಲ್ಲಿ ಫಿಬ್ರಿಲೇಷನ್ ಅನೇಕ ಸಲ ಶ್ರಮದ ನಡುವೆ ಬಾರದೆ, ಹೃದಯವನ್ನು ನಿಧಾನಗೊಳಿಸುವ ವೇಗಸ್ ನರ ಮೇಲುಗೈ ಸಾಧಿಸುವ ವಿಶ್ರಾಂತಿಯ ಹೊತ್ತಿನಲ್ಲಿ, ರಾತ್ರಿ ನಿದ್ದೆಯಲ್ಲಿ ಅಥವಾ ಭರ್ಜರಿ ಊಟದ ನಂತರ ಕಾಣಿಸಿಕೊಳ್ಳುತ್ತದೆ. ನನಗೆ ಬರುತ್ತಿದ್ದದ್ದೂ ಹಾಗೆಯೇ, ದೊಡ್ಡ ಸವಾರಿ ಮುಗಿಸಿ ಹೊಟ್ಟೆತುಂಬ ಉಂಡು ಮಲಗಿದ ರಾತ್ರಿಗಳಲ್ಲಿ.

ಶನಿವಾರ: ಮೇಲುಕೋಟೆ, ಕೆ.ಆರ್. ಪೇಟೆ, ಹೊಸಹೊಳಲು

ಬೆಳಿಗ್ಗೆ ಕಲ್ಯಾಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು, ಯೋಗಾನರಸಿಂಹನ ಬೆಟ್ಟಕ್ಕೆ ಕೆಳಗಿನಿಂದಲೇ ಕೈಮುಗಿದು ಹೊರಟೆವು. ಈ ದಿನದ ಎಚ್ಚರವೆಲ್ಲ ಇಳಿಜಾರಿನದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವನಿಗೆ ಏರಿಗಿಂತ ಇಳಿಜಾರು ಅಪಾಯಕಾರಿ. ತಲೆಗೆ ಪೆಟ್ಟಾದರೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತ ಸೋರಬಹುದು. ಎರಡೂ ಬ್ರೇಕುಗಳ ಮೇಲೆ ಬೆರಳಿಟ್ಟುಕೊಂಡೇ ಇಳಿದೆ. ಹೆಲ್ಮೆಟ್ ಒಳಗೆ ಮಾತ್ರೆಯ ಹೆಸರು ಬರೆದ ಚೀಟಿ ಅಂಟಿಸಿದ್ದೇನೆ.

ಇಳಿದ ಮೇಲೆ ಹಳ್ಳಿಹಳ್ಳಿಯಲ್ಲೂ ಡಾಂಬರು ರಸ್ತೆಯ ಮೇಲೆ ಒಕ್ಕಣೆ ನಡೆದಿತ್ತು. ರಾಗಿ ತೆನೆ, ಹುರುಳಿ ಬಳ್ಳಿಗಳನ್ನು ಮೊಣಕಾಲೆತ್ತರ ಹರಡಿ, ಹೋಗಿ ಬರುವ ವಾಹನಗಳ ಚಕ್ರಗಳಿಂದಲೇ ತುಳಿಸುತ್ತಾರೆ. ಒಣಗಿದ ಹುರುಳಿ ಬಳ್ಳಿ ಸೈಕಲ್ಲಿನ ಹಿಂದಿನ ಗೇರಿನ ಹಲ್ಲಿಗೆ ಸುತ್ತಿಕೊಂಡರೆ ಚೈನು ಗಕ್ಕನೆ ನಿಲ್ಲುತ್ತದೆ. ರಾಗಿ ಕಾಳಿನ ಮೇಲೆ ತೆಳು ಟೈರು ಜಾರುತ್ತದೆ. "ಇಳ್ಕೊಂಡ್ ತಳ್ಕೊಂಡ್ ಹೋಗ್ರಪ್ಪ, ಜಾರ್ತದೆ" ಎಂದು ಮೊರ ಹಿಡಿದಿದ್ದ ಅಜ್ಜಿಯೊಬ್ಬರು ಕೂಗಿ ಹೇಳಿದರು. ಅವರು ಹೇಳಿದಂತೆಯೇ ಮಾಡಿದೆವು.

ದಾರಿಯಲ್ಲಿ ತಮ್ಮ, ತನಗೂ ಸಂಬಂಧಿಸಿದ ಪ್ರಶ್ನೆಯನ್ನು ಕೇಳಿದ. ಅವನೂ ನನ್ನಷ್ಟೇ ತುಳಿದವನು.

"ಸೈಕಲ್ ತುಳಿದು ತುಳಿದೇ ಬಂತೇನಣ್ಣ ಇದು?"

ನನ್ನೊಬ್ಬನ ವಿಷಯದಲ್ಲಿ ಇದಕ್ಕೆ ಖಚಿತ ಉತ್ತರವಿಲ್ಲ. ಸ್ವೀಡನ್ನಿನ 90 ಕಿಲೋಮೀಟರ್ ವಾಸಾಲೋಪೆಟ್ ಹಿಮಜಾರು ಓಟದಲ್ಲಿ ಪಾಲ್ಗೊಂಡ 52,755 ಮಂದಿಯನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಸಲ ಓಟ ಮುಗಿಸಿದವರಲ್ಲೂ ಹೆಚ್ಚು ವೇಗವಾಗಿ ಮುಗಿಸಿದವರಲ್ಲೂ ಲಯದೋಷ ಹೆಚ್ಚು ಕಂಡುಬಂದಿತ್ತು. ವರ್ಷಾನುಗಟ್ಟಲೆಯ ದೀರ್ಘ ಶ್ರಮದಿಂದ ಹೃತ್ಕರ್ಣ ಹಿಗ್ಗುವುದು, ವೇಗಸ್ ನರದ ಪ್ರಭಾವ ಹೆಚ್ಚುವುದು ಇದರ ಕಾರಣಗಳಿರಬಹುದೆಂದು ತಜ್ಞರು ಹೇಳುತ್ತಾರೆ. ಹಾಗೆಂದು ಕೂತಲ್ಲೇ ಕೂರುವುದು ಮದ್ದಲ್ಲ. ಹಿತಮಿತವಾದ ವ್ಯಾಯಾಮ ಮಾಡುವವರಿಗೆ ಏನೂ ಮಾಡದವರಿಗಿಂತ ಈ ಕಾಯಿಲೆಯ ಅಪಾಯ ಕಡಿಮೆ. ಬೊಜ್ಜು, ರಕ್ತದೊತ್ತಡ, ಮದ್ಯಪಾನ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವೆಲ್ಲವೂ ಇದಕ್ಕೆ ದಾರಿ ಮಾಡಿಕೊಡುತ್ತವೆ.

ತಮ್ಮ ಆಗ ಇಟಲಿಯ ಸೈಕಲ್ ಸ್ಪರ್ಧಿ ಎಲಿಯಾ ವಿವಿಯಾನಿಯ ಹೆಸರೆತ್ತಿದ. ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಆತ 2021ರ ಜನವರಿಯಲ್ಲಿ ಲಯದೋಷಕ್ಕೆ ಅಬ್ಲೇಷನ್ ಮಾಡಿಸಿಕೊಂಡು, ಅದೇ ವರ್ಷದ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಕಂಚು ಗೆದ್ದದ್ದು ನಿಜ. ಆದರೆ 2021ರಲ್ಲಿ ಪ್ಯಾರಿಸ್–ರೂಬೆ ಸೈಕಲ್ ಸ್ಪರ್ಧೆ ಗೆದ್ದ ಸೋನಿ ಕೋಲ್ಬ್ರೆಲ್ಲಿ ಮರುವರ್ಷ ಸ್ಪೇನಿನ ಸ್ಪರ್ಧೆಯೊಂದರಲ್ಲಿ ಹೃದಯಸ್ತಂಭನವಾಗಿ ಕುಸಿದು ಬಿದ್ದು, ಎದೆಯೊಳಗೆ ಲಯ ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರ ಇರಿಸಿಕೊಂಡು, ಸ್ಪರ್ಧೆಯಿಂದಲೇ ನಿವೃತ್ತರಾದರು ಎಂಬುದೂ ನಿಜ. ಲಯದೋಷ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಾಯಿಲೆಗಳಿವೆ. ಮೇಲಿನ ಕೋಣೆಯದು ಒಂದು ಬಗೆ, ಕೆಳಗಿನ ಕೋಣೆಯದು ಇನ್ನೊಂದು. ಒಬ್ಬರ ಕಥೆಯಿಂದ ಇನ್ನೊಬ್ಬರು ಧೈರ್ಯವನ್ನಾಗಲಿ ಅಧೈರ್ಯವನ್ನಾಗಲಿ ಎರವಲು ತರಬಾರದು.

ಕೆ.ಆರ್. ಪೇಟೆಯಲ್ಲಿ ಚೀಲ ಇಳಿಸಿ, ಸಂಜೆ ಹತ್ತಿರದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಹೋದೆವು. ಹದಿಮೂರನೆಯ ಶತಮಾನದ ಹೊಯ್ಸಳರ, ಮೂರು ಗರ್ಭಗುಡಿಗಳ ತ್ರಿಕೂಟ ಇದು. ಹೊರಗೋಡೆಯ ಕೆಳಪಟ್ಟಿಯಲ್ಲಿ ಆನೆ, ಅದರ ಮೇಲೆ ಕುದುರೆ, ಬಳ್ಳಿ, ನಂತರ ರಾಮಾಯಣ, ಮಹಾಭಾರತದ ಕಥೆಗಳು. ಕಥಾಪಟ್ಟಿಯನ್ನು ಓದಬೇಕಾದರೆ ಜಗತಿಕಟ್ಟೆಯ ಮೇಲೆ ಹೆಜ್ಜೆ ಹೆಜ್ಜೆಗೂ ನಿಂತು ಪ್ರದಕ್ಷಿಣೆ ಬರಬೇಕು. ಈ ರಸ್ತೆಯಲ್ಲಿ ಹಿಂದೆ ಬಂದಾಗಲೆಲ್ಲ ಗಡುವಿನ ಕಾರಣಕ್ಕೆ ಊರ ಹೆಸರಿನ ಫಲಕವನ್ನಷ್ಟೇ ನೋಡಿ ಮುಂದಕ್ಕೆ ಹೋಗಿದ್ದೆ.

ಭಾನುವಾರ: ಕಿಕ್ಕೇರಿ, ಶ್ರವಣಬೆಳಗೊಳ

ಈ ದಿನ ಸವಾರಿ ಹಿತವಾಗಿತ್ತು, ಹೆಚ್ಚು ಹೇಳುವಂಥದ್ದೇನೂ ಇಲ್ಲ. ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಕಿಕ್ಕೇರಿಯಲ್ಲಿ ಕೆರೆಯ ಬಳಿಯ ಬ್ರಹ್ಮೇಶ್ವರ ದೇವಾಲಯ ನೋಡಿದೆವು. ಒಂದು ಉದ್ದದ ಸಮತಟ್ಟು ರಸ್ತೆಯಲ್ಲಿ ಗಾಳಿ ಹಿಂದಿನಿಂದ ಬೀಸತೊಡಗಿದಾಗ ಕಾಲು ತಾನಾಗಿ ಹಳೆಯ ವೇಗಕ್ಕೆ ಏರಿತು. ತಮ್ಮ ಹಿಂದಿನಿಂದ, "ಅಣ್ಣ, ಮಾತು ನಿಂತೋಯ್ತು" ಎಂದ. ಗೇರ್ ಇಳಿಸಿದೆ.

ಬೆಳಗೊಳದ ಎರಡು ಬೆಟ್ಟಗಳು ಕಂಡಾಗ ಹತ್ತೂವರೆ. ಛತ್ರದಲ್ಲಿ ಕೋಣೆ ಹಿಡಿದೆವು. ಪಕ್ಕದ ಕೋಣೆಗಳಲ್ಲಿ ಮದುವೆಯ ದಿಬ್ಬಣ ಇಳಿದಿದ್ದರಿಂದ ರಾತ್ರಿ ನಿದ್ದೆ ಅಷ್ಟಾಗಿ ಬರಲಿಲ್ಲ.

ಸೋಮವಾರ: ಚಂದ್ರಗಿರಿ

ಎದ್ದ ಕೂಡಲೆ, ಹಾಸಿಗೆಯಿಂದ ಏಳುವ ಮೊದಲು, ನಾಡಿ ಎಣಿಸುವುದು ನನ್ನ ಕ್ರಮ. ಚಿಕಿತ್ಸೆಗೆ ಮೊದಲು ನನ್ನ ವಿಶ್ರಾಂತಿ ಬಡಿತ ನಿಮಿಷಕ್ಕೆ 54ರ ಆಸುಪಾಸಿನಲ್ಲಿತ್ತು. ಈಗ ಮಾತ್ರೆ ಇದ್ದೂ 68. ಇದರಿಂದ ಮೊದಮೊದಲು ಗಾಬರಿಯಾಗುವುದು ಸಹಜ. ಹೃತ್ಕರ್ಣದ ಸುತ್ತ ಸುಡುವಾಗ ಅಲ್ಲಿರುವ ವೇಗಸ್ ನರದ ಗಂಟುಗಳಿಗೂ ಬಿಸಿ ತಾಗುವುದರಿಂದ, ಹೃದಯವನ್ನು ನಿಧಾನಗೊಳಿಸುವ ಅವುಗಳ ಹಿಡಿತ ಸಡಿಲವಾಗಿ, ವಿಶ್ರಾಂತಿ ಬಡಿತ ತಿಂಗಳುಗಟ್ಟಲೆ ಏರಿಯೇ ಇರುತ್ತದೆಂದು ಡಾಕ್ಟರಮ್ಮ ವಿವರಿಸಿದ್ದರು. ಆದರೆ ಈ ಬೆಳಿಗ್ಗೆ ಅದು 80 ಇತ್ತು. ಇಸಿಜಿ ತೆಗೆದೆ, ಲಯ ಸರಿಯಿತ್ತು, ಪಿ ಅಲೆಗಳು ಇದ್ದವು. ದಣಿವೂ ನಿದ್ದೆಗೇಡೂ ಸೇರಿ ಏರಿಸಿದ ಅಂಕಿ ಅದು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ದೊಡ್ಡ ಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು. ಸೈಕಲ್ಲಿನಲ್ಲಾದರೆ ಶ್ರಮವನ್ನು ಗೇರಿನಿಂದ ಕಡಿಮೆ ಮಾಡಬಹುದು. ಕಡಿದಾದ ಮೆಟ್ಟಿಲಿನಲ್ಲಿ ಪ್ರತಿ ಹೆಜ್ಜೆಗೂ ಮೈಭಾರವನ್ನು ಪೂರ್ತಿ ಎತ್ತಲೇಬೇಕು. ಆದ್ದರಿಂದ ಆ ಬೆಟ್ಟವನ್ನು ಬಿಟ್ಟು, ತಗ್ಗಾದ ಚಂದ್ರಗಿರಿಯನ್ನು ನಿಂತು ನಿಂತು ಹತ್ತಿದೆವು. ಭದ್ರಬಾಹುವಿನ ಗುಹೆ, ಚಾವುಂಡರಾಯ ಬಸದಿ ನೋಡಿ, ಎದುರು ಬೆಟ್ಟದ ಮೇಲೆ ಕೋಟೆಗೋಡೆಯಿಂದ ಮೇಲಕ್ಕೆ ಕಾಣುವ ಗೊಮ್ಮಟನ ತಲೆಯನ್ನು ಇಲ್ಲಿಂದಲೇ ಕಂಡೆವು.

ಚನ್ನರಾಯಪಟ್ಟಣ, ಹಾಸನ ಹಾದು ಬೇಲೂರಿನವರೆಗೆ ಹೋಗಿಬಿಡೋಣವೆಂಬ ಆಸೆ ಹೊರಡುವಾಗ ಇಬ್ಬರಲ್ಲೂ ಇತ್ತು. ತಮ್ಮ ಬೆಟ್ಟದಿಂದ ಇಳಿಯುತ್ತ ಆ ಮಾತೆತ್ತಿದ. ಬೆಳಗಿನ ಅಂಕಿಯನ್ನು ಹೇಳಿದೆ. ಅವನು ಮರುಮಾತಾಡದೆ ಪರಿಚಯದ ಪಿಕಪ್ ವಾಹನದವರಿಗೆ ಫೋನು ಮಾಡಿ, ಮೈಸೂರಿಗೆ ಎರಡು ಸೈಕಲ್ ಹಾಕಿಕೊಂಡು ಹೋಗಲು ಆಗುತ್ತದೆಯೇ ಎಂದು ವಿಚಾರಿಸಿದ. ಫೆಬ್ರವರಿಯಲ್ಲಿ ಹೋಲ್ಟರ್ ಪರೀಕ್ಷೆ ಇದೆ. ದಿನವಿಡೀ ಎದೆಗೆ ಕಟ್ಟಿಕೊಂಡ ಆ ಯಂತ್ರದಲ್ಲಿ ಲಯ ಸರಿ ಕಂಡರೆ ಬೀಟಾ ಬ್ಲಾಕರ್ ನಿಲ್ಲಿಸುವ ಯೋಚನೆ ಡಾಕ್ಟರಮ್ಮನಿಗಿದೆ. ಮೇಲುಕೋಟೆಯ ಏರಿನಲ್ಲಿ ತೆಗೆದ ಇಸಿಜಿಯನ್ನೂ ಈ ಬೆಳಗಿನದನ್ನೂ ಪಿಕಪ್ ಬರುವುದರೊಳಗೆ ಅವರಿಗೆ ಕಳಿಸಿದೆ. ಬೇಲೂರಿನ ದಾರಿಯನ್ನು ಆ ಪರೀಕ್ಷೆಯ ನಂತರ, ಬಿಸಿಲು ಬಲಿಯುವ ಮೊದಲು, ಶ್ರವಣಬೆಳಗೊಳದಿಂದಲೇ ಮುಂದುವರಿಸುವುದೆಂದು ಇಬ್ಬರೂ ಒಪ್ಪಿಕೊಂಡೆವು.